ಕರೆಂಟ್ ದೀಪದ ಶಾಲೆ: ಆಸ್ಕಾಟ್‌ನ ಒಂದು ಹಾಸ್ಟೆಲ್ ಪ್ರಕರಣ

ಲಂಡನ್ನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಆಸ್ಕಾಟ್ ಅನ್ನೋ ಊರು ಸಿಗುತ್ತದೆ. ಕುದುರೆ ರೇಸಿಗೆ ಹೆಸರಾದ ಊರು, 1711ರಲ್ಲಿ ಆನ್ ರಾಣಿ ಶುರು ಮಾಡಿಸಿದ ರೇಸು ಇವತ್ತಿಗೂ ನಡೆಯುತ್ತದೆ. ಅಲ್ಲಿ ಸೇಂಟ್ ಜಾರ್ಜ್ಸ್ ಅಂತ ಒಂದು ಹೆಣ್ಣುಮಕ್ಕಳ ಶಾಲೆ ಇದೆ. 1904ರಿಂದಲೂ ಅದು ಹೆಣ್ಣುಮಕ್ಕಳದ್ದೇ. ಬ್ರಿಟಿಷ್ ರಾಜಮನೆತನದ ಬಿಯಾಟ್ರಿಸ್ ಓದಿದ್ದು ಅಲ್ಲೇ. ನಾನು ಬರೆಯಹೊರಟಿರೋದು ಅದಕ್ಕೂ ಹಿಂದಿನ ಕಥೆ. ಆಗ ಅದು ಗಂಡುಹುಡುಗರ ಸಣ್ಣ ಹಾಸ್ಟೆಲ್ ಶಾಲೆಯಾಗಿತ್ತು. ಈಗ ಅಲ್ಲಿ ಶಾಲೆ ನಡೆಸುತ್ತಿರುವವರಿಗೂ ಆ ಕಾಲದ ಆಡಳಿತಕ್ಕೂ ಏನೂ ಸಂಬಂಧ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ವಿಕ್ಟೋರಿಯಾ ಕಾಲದಲ್ಲಿ ಇಂಥ ನೂರಾರು ಶಾಲೆಗಳಿದ್ದವು. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ಇಂಥ ಶಾಲೆಗಳ ಒಳಗೆ ಏನು ನಡೆಯಿತು ಅಂತ ಗೊತ್ತಾಗುವುದೇ ಇಲ್ಲ. ಮಕ್ಕಳು ದೊಡ್ಡವರಾಗುತ್ತಾರೆ, ಮರೆಯುತ್ತಾರೆ, ಇಲ್ಲವೇ ಹೇಳಿಕೊಳ್ಳೋದಕ್ಕೆ ನಾಚುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಬೇರೆ ಬೇರೆ ವರ್ಷಗಳಲ್ಲಿ ಓದಿದ ಮೂವರು ಹುಡುಗರು ದೊಡ್ಡವರಾದ ಮೇಲೆ ಬರೆದಿಟ್ಟರು. ಒಬ್ಬ ಕಲಾವಿಮರ್ಶಕನಾದ ರೋಜರ್ ಫ್ರೈ. ಇನ್ನೊಬ್ಬ ಬರಹಗಾರನಾದ ಮಾರಿಸ್ ಬೇರಿಂಗ್. ಮೂರನೆಯವನು ವಿನ್‌ಸ್ಟನ್ ಚರ್ಚಿಲ್.

ಚರ್ಚಿಲ್ ಹೆಸರು ಕೇಳಿದರೆ ನಮ್ಮಲ್ಲಿ ಹಲವರಿಗೆ 1943ರ ಬಂಗಾಳದ ಬರಗಾಲ ನೆನಪಾಗುತ್ತದೆ. ನನಗೂ ಆಗುತ್ತದೆ. ಆ ಲೆಕ್ಕ ಬೇರೆ, ಅದನ್ನು ಮನ್ನಾ ಮಾಡೋಕೆ ನಾನು ಹೊರಟಿಲ್ಲ. ಇಲ್ಲಿರೋದು ಇನ್ನೂ ಎಂಟು ತುಂಬದ ಒಬ್ಬ ಹುಡುಗ, ಅಷ್ಟೇ.

ಅಪ್ಪ ಅಮ್ಮ ನೋಡಿದ್ದು

ಶಾಲೆ ಶುರುವಾದದ್ದು 1877ರಲ್ಲಿ. ಶುರು ಮಾಡಿದವರು ಪಾದ್ರಿ ಹರ್ಬರ್ಟ್ ವಿಲಿಯಂ ಸ್ನೀಡ್-ಕಿನ್ನರ್‌ಸ್ಲಿ. ಆಗ ಇನ್ನೂ ಮೂವತ್ತರ ಆಸುಪಾಸಿನ ಮನುಷ್ಯ. ಎತ್ತರದ ಆಳು, ಕೆನ್ನೆಯ ಎರಡೂ ಬದಿಗೆ ಇಳಿಬಿದ್ದ ಕೆಂಚು ಗಡ್ಡ.

ಈ ಬಗೆಯ ಶಾಲೆಗೆ ಅಲ್ಲಿ ಪ್ರೆಪರೇಟರಿ ಶಾಲೆ ಅಂತಾರೆ. ಎಂಟರಿಂದ ಹದಿಮೂರು ವರ್ಷದ ತನಕದ ಹುಡುಗರನ್ನು ಇಟ್ಟುಕೊಂಡು, ಲ್ಯಾಟಿನ್ ಗ್ರೀಕ್ ಬಾಯಿಪಾಠ ಮಾಡಿಸಿ, ಈಟನ್, ಹ್ಯಾರೋ ಥರದ ದೊಡ್ಡ ಶಾಲೆಗಳಿಗೆ ಹದಮಾಡಿ ಕಳಿಸೋದು ಅವುಗಳ ಕೆಲಸ. ರೈಲು ಬಂದಮೇಲೆ ಮಕ್ಕಳನ್ನು ದೂರ ಕಳಿಸೋದು ಸಲೀಸಾಯಿತು. ಭಾರತದಲ್ಲಿ ನೌಕರಿ ಮಾಡುತ್ತಿದ್ದ ಇಂಗ್ಲಿಷ್ ಅಧಿಕಾರಿಗಳಿಗಂತೂ ಇಂಥ ಶಾಲೆ ಬೇಕೇ ಬೇಕಾಗಿತ್ತು. ಈ ಶಾಲೆಯ ಕಣ್ಣಿದ್ದದ್ದು ಹತ್ತಿರದಲ್ಲೇ ಇದ್ದ ಈಟನ್ ಮೇಲೆ. ಅಲ್ಲಿನ ರೀತಿ ರಿವಾಜನ್ನೆಲ್ಲ ಇಲ್ಲಿ ನಕಲು ಮಾಡಿದ್ದರು, ಶಿಕ್ಷೆಯ ರೀತಿಯನ್ನೂ ಸೇರಿಸಿ.

ಮಗನನ್ನು ಸೇರಿಸೋಕೆ ಬಂದ ಅಪ್ಪ ಅಮ್ಮನ ಕಣ್ಣಿಗೆ ಬೀಳುತ್ತಿದ್ದದ್ದು ಏನು? ಒಂದು ತರಗತಿಗೆ ಹತ್ತೇ ಹುಡುಗರು. ಎಂ.ಎ. ಮಾಡಿದ, ಕಪ್ಪು ಗೌನು ಹಾಕಿದ ಮಾಸ್ತರರು. ಶಾಲೆಗೇ ಅಂತ ಒಂದು ಪ್ರಾರ್ಥನಾ ಮಂದಿರ. ಈಜೋಕೆ ಕೊಳ. ಫುಟ್‌ಬಾಲಿಗೂ ಕ್ರಿಕೆಟ್ಟಿಗೂ ದೊಡ್ಡ ದೊಡ್ಡ ಮೈದಾನ. ಪ್ರತಿ ಟರ್ಮಿನಲ್ಲೂ ಎರಡು ಮೂರು ಪ್ರವಾಸ. ಎಲ್ಲಕ್ಕಿಂತ ಮಿಗಿಲಾಗಿ ಕರೆಂಟ್ ದೀಪ!

ಇದು 1882ರ ಮಾತು. ವಿದ್ಯುತ್ ಬಲ್ಬು ಬಂದು ಇನ್ನೂ ಮೂರ್ನಾಲ್ಕು ವರ್ಷ. ಲಂಡನ್ನಿನ ಸವಾಯ್ ಥಿಯೇಟರಿಗೆ ಕರೆಂಟ್ ದೀಪ ಹಾಕಿದ್ದೇ ಅದರ ಹಿಂದಿನ ವರ್ಷ. ನಮ್ಮ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ಕರೆಂಟ್ ಬಂದದ್ದು 1905ರಲ್ಲಿ. ಅಂಥ ಕಾಲದಲ್ಲಿ ಒಂದು ಸಣ್ಣ ಶಾಲೆಯಲ್ಲಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತೆ ಅಂದರೆ, ಅಪ್ಪ ಅಮ್ಮ ಆ ದೀಪ ನೋಡೇ ಮರುಳಾಗಿರಬೇಕು. ಇಷ್ಟು ಖರ್ಚು ಮಾಡಿ ಕಟ್ಟಿದವರು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳದೆ ಇರ್ತಾರಾ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ? ಇವತ್ತೂ ನಾವು ಶಾಲೆ ನೋಡೋಕೆ ಹೋದಾಗ ಸ್ಮಾರ್ಟ್ ಕ್ಲಾಸು, ಈಜುಕೊಳ, ಕ್ಯಾಮೆರಾ ಎಣಿಸಿಕೊಂಡು ಬರ್ತೀವಿ.

ಇನ್ನೊಂದು ನಿಯಮ ಇತ್ತು. ಮನೆಯಿಂದ ತಿಂಡಿ ಬುಟ್ಟಿ ತರುವ ಹಾಗಿಲ್ಲ, ಬೇಕಾದ್ದೆಲ್ಲ ಶಾಲೆಯೇ ಕೊಡುತ್ತದೆ. ಕೇಳೋಕೆ ಚೆಂದ. ಹಾಸ್ಟೆಲ್‌ನಲ್ಲಿದ್ದವರಿಗೆ ಮಾತ್ರ ಗೊತ್ತು, ಊರಿಂದ ತಂದ ಚಕ್ಕುಲಿ ಡಬ್ಬಿ ಖಾಲಿಯಾಗುವ ತನಕ ಮನೆ ಇನ್ನೂ ಸ್ವಲ್ಪ ಹತ್ತಿರದಲ್ಲೇ ಇರುತ್ತದೆ ಅಂತ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಸಕ್ಕರೆಯ ವಿಷಯ ಬರುತ್ತದೆ.

ಲೈಬ್ರರಿ ಪಕ್ಕದ ಕೋಣೆ

ಕಟ್ಟಡದ ಬಗ್ಗೆ ನನಗೆ ಮುಖ್ಯ ಅನ್ನಿಸಿದ್ದು ದೀಪ ಅಲ್ಲ, ಎರಡು ಕೋಣೆಗಳು. ಒಂದು ಲೈಬ್ರರಿ. ಇನ್ನೊಂದು ಅದಕ್ಕೆ ಅಂಟಿಕೊಂಡ ಕೋಣೆ.

ಚರ್ಚಿಲ್ ಬರೆದಿರುವ ಪ್ರಕಾರ ತಿಂಗಳಿಗೆ ಎರಡು ಮೂರು ಸಲ ಇಡೀ ಶಾಲೆಯನ್ನು ಲೈಬ್ರರಿಯಲ್ಲಿ ಕೂರಿಸುತ್ತಿದ್ದರು. ತಪ್ಪು ಮಾಡಿದ ಹುಡುಗನನ್ನು ಇಬ್ಬರು ದೊಡ್ಡ ಹುಡುಗರು ಪಕ್ಕದ ಕೋಣೆಗೆ ಎಳೆದುಕೊಂಡು ಹೋಗಬೇಕು. ಅಲ್ಲಿ ಬರ್ಚ್ ಮರದ ಕಡ್ಡಿಗಳ ಕಂತೆಯಿಂದ ರಕ್ತ ಬರೋ ತನಕ ಹೊಡೆತ. ಉಳಿದ ಹುಡುಗರು ನಡುಗುತ್ತಾ ಕೂತು ಆ ಕೂಗು ಕೇಳಿಸಿಕೊಳ್ಳಬೇಕು. ನೋಡೋ ಹಾಗಿಲ್ಲ, ಕೇಳದೆ ಇರೋ ಹಾಗೂ ಇಲ್ಲ. ನಡುವೆ ಇದ್ದದ್ದು ಒಂದು ಗೋಡೆ. ಶಿಕ್ಷೆ ಒಬ್ಬ ಹುಡುಗನಿಗಲ್ಲ, ಒಂದೇ ಸಲಕ್ಕೆ ಇಡೀ ಶಾಲೆಗೆ ಆಗುತ್ತಿತ್ತು.

ಗೋಡೆಯ ಆ ಕಡೆ ಏನಿತ್ತು ಅನ್ನೋದನ್ನು ಹೇಳುವವನು ಫ್ರೈ. ಅವನು ಶಾಲೆಯ ಮೊದಲ ವರ್ಷಗಳಲ್ಲೇ ಇದ್ದವನು, 1877ರಿಂದ 1881ರ ತನಕ. ಓದಿನಲ್ಲಿ ಮುಂದಿದ್ದ, ಹಾಗಾಗಿ ಮುಖ್ಯ ಹುಡುಗರಲ್ಲಿ ಒಬ್ಬನಾದ. ಹೊಡೆಸಿಕೊಳ್ಳುವ ಹುಡುಗನನ್ನು ಹಿಡಿದುಕೊಳ್ಳೋದು ಅವನ ಪಾಲಿನ ಕೆಲಸ. ಕೋಣೆಯ ನಡುವೆ ಕಪ್ಪು ಬಟ್ಟೆ ಹೊದಿಸಿದ ಒಂದು ದೊಡ್ಡ ಪೆಟ್ಟಿಗೆ. ಅದರ ಮುಂದೆ ಮಂಡಿಯೂರಬೇಕು. ಹೆಡ್‌ಮಾಸ್ಟರ್ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆಯುತ್ತಿದ್ದ. ಎರಡು ಮೂರು ಏಟಿಗೇ ರಕ್ತದ ಹನಿ ಕಾಣುತ್ತಿತ್ತು. ಹೊಡೆತ ಹದಿನೈದು ಇಪ್ಪತ್ತರ ತನಕ ಹೋಗುತ್ತಿತ್ತು.

ಫ್ರೈ ಹೇಳುವ ಒಂದು ದಿನದ ಸಂಗತಿಯನ್ನು ಬಿಡೋಕೆ ಆಗಲ್ಲ. ಕೆಂಪು ಕೂದಲಿನ ಒಬ್ಬ ಐರಿಷ್ ಹುಡುಗ ಹೊಡೆತದ ನಡುವೆ ಹತೋಟಿ ತಪ್ಪಿ ಅಲ್ಲೇ ಹೊಲಸು ಮಾಡಿಕೊಂಡ. ಆ ಪಾದ್ರಿ ನಿಲ್ಲಿಸಲಿಲ್ಲ. ಸಿಟ್ಟು ಏರಿ ಇನ್ನೂ ಜಾಸ್ತಿ ಹೊಡೆದ. ಗೋಡೆಗೆಲ್ಲ, ಛಾವಣಿಗೂ ಸಿಡಿಯಿತು. ಆಮೇಲೆ ಏನು ಮಾಡಿದ ಗೊತ್ತಾ? ಆಳುಗಳನ್ನು ಕರೆಯಲಿಲ್ಲ. ತನಗೆ ಬೇಕಾದ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಗಂಟೆಗಟ್ಟಲೆ ತಾನೇ ಕೂತು ಗೋಡೆ ತೊಳೆದ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ವಾಪಸ್ ಹೋಗಿ ಓದಿದ್ದು ಇದೊಂದನ್ನೇ. ಕಸ ಗುಡಿಸೋಕೆ, ಬಚ್ಚಲು ತೊಳೆಯೋಕೆ ಆಳುಗಳಿದ್ದ ಕಾಲ ಅದು. ಇಂಥ ಶಾಲೆಯ ಹೆಡ್‌ಮಾಸ್ಟರ್ ಚಿಂದಿ ಬಟ್ಟೆ ಹಿಡಿದು ಗೋಡೆ ಒರೆಸ್ತಾನೆ ಅಂದರೆ, ಮಾಡಿದ್ದು ಹೊರಗೆ ಗೊತ್ತಾಗಬಾರದು ಅಂತ ಅವನಿಗೇ ಗೊತ್ತಿತ್ತು. 'ಆ ಕಾಲದಲ್ಲಿ ಹೊಡೆಯೋದು ಮಾಮೂಲು ಬಿಡಿ' ಅನ್ನುವವರಿಗೆ ನನ್ನ ಉತ್ತರ ಈ ಗೋಡೆ. ಮಾಮೂಲಾಗಿದ್ದರೆ ಆಳುಗಳನ್ನೇ ಕರೆಯುತ್ತಿದ್ದ.

'ಓ ಮೇಜೇ'

1882ರ ನವೆಂಬರ್ 3, ಸಂಜೆ ಹೊತ್ತು. ಚರ್ಚಿಲ್‌ನ ಅಮ್ಮ ಮಗನನ್ನು ಕರೆತಂದಳು. ದಾರಿಯಲ್ಲಿ ಹುಡುಗನ ಕೈಗೆ ಖರ್ಚಿಗೆ ಅಂತ ಮೂರು ಅರ್ಧ ಕ್ರೌನ್ ನಾಣ್ಯ ಕೊಟ್ಟಿದ್ದಳು. ಅವನು ಅದನ್ನು ಗಾಡಿಯಲ್ಲಿ ಬೀಳಿಸಿಕೊಂಡ, ಇಬ್ಬರೂ ನೆಲದ ಹುಲ್ಲಿನಲ್ಲಿ ಹುಡುಕಾಡಿದರು. ಶಾಲೆಯಲ್ಲಿ ಹೆಡ್‌ಮಾಸ್ಟರ್ ಜೊತೆ ಚಹಾ ಆಯಿತು. ಕಪ್ ಮಗುಚಿದರೆ ಮೊದಲ ದಿನವೇ ಕೆಟ್ಟ ಹೆಸರು ಬರುತ್ತೆ ಅಂತ ಹುಡುಗನಿಗೆ ಹೆದರಿಕೆ. ಅಮ್ಮ ಹೊರಟಳು. ಮೇಷ್ಟರು ಮೊದಲು ಮಾಡಿದ ಕೆಲಸ ಅವನ ಹತ್ತಿರ ಇದ್ದ ದುಡ್ಡು ತೆಗೆದು ಜಮಾ ಮಾಡಿಕೊಂಡದ್ದು.

ಆಮೇಲೆ ತರಗತಿಯಲ್ಲಿ ಅವನನ್ನು ಒಬ್ಬನೇ ಕೂರಿಸಿ ಒಂದು ಲ್ಯಾಟಿನ್ ಪುಸ್ತಕ ಕೊಟ್ಟು, ಅರ್ಧ ಗಂಟೆಯಲ್ಲಿ ಒಂದು ಪದದ ವಿಭಕ್ತಿಗಳನ್ನು ಕಲಿಯೋಕೆ ಹೇಳಿದರು. ಪದ 'ಮೆನ್ಸಾ', ಅಂದರೆ ಮೇಜು. ವಿಭಕ್ತಿ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಉ, ಅನ್ನು, ಇಂದ, ಗೆ ಅಂತ ಹಾಡಿನ ಹಾಗೆ ಒಪ್ಪಿಸಿದವರೇ ನಾವೆಲ್ಲ. ಈ ಹುಡುಗನಿಗೆ ಅದು ಏನಂತಲೂ ಗೊತ್ತಿರಲಿಲ್ಲ, ಇಂಗ್ಲಿಷಿನಲ್ಲಿ ವಿಭಕ್ತಿ ಇಲ್ಲವಲ್ಲ. ಆದರೂ ಬಾಯಿಪಾಠ ಮಾಡಿ ಒಪ್ಪಿಸಿದ. ಒಪ್ಪಿಸಿದ ಮೇಲೆ ಒಂದು ಪ್ರಶ್ನೆ ಕೇಳಿದ: ಸಂಬೋಧನೆಯಲ್ಲಿ 'ಓ ಮೇಜೇ' ಅಂತ ಯಾಕಿದೆ? ಮೇಜಿನ ಜೊತೆ ಮಾತಾಡುವಾಗ ಹಾಗನ್ನಬೇಕು ಅಂದರು ಮೇಷ್ಟರು. ನಾನು ಮೇಜಿನ ಜೊತೆ ಮಾತಾಡೋದೇ ಇಲ್ಲವಲ್ಲ ಅಂದ ಹುಡುಗ. ಉದ್ಧಟತನ ಮಾಡಿದರೆ ಕಠಿಣ ಶಿಕ್ಷೆ ಆಗುತ್ತೆ ಅಂತ ಉತ್ತರ ಬಂತು.

ನಿಜಕ್ಕೂ ಒಳ್ಳೆಯ ಪ್ರಶ್ನೆ ಅದು! ಒಳ್ಳೆಯ ಮೇಷ್ಟರಾಗಿದ್ದರೆ ಅದೇ ಪ್ರಶ್ನೆ ಹಿಡಿದು ಒಂದು ಗಂಟೆ ಪಾಠ ಮಾಡುತ್ತಿದ್ದರು. ಅಲ್ಲಿಗೆ ಆ ಹುಡುಗನ ಲ್ಯಾಟಿನ್ ಮುಗಿಯಿತು. ಆಮೇಲೂ ಅವನಿಗೆ ಅದು ಹತ್ತಲಿಲ್ಲ.

ಮೊದಲ ಟರ್ಮಿನ ವರದಿಯಲ್ಲಿ 11 ಹುಡುಗರಲ್ಲಿ ಅವನು 11ನೆಯವನು. 1884ರ ವಸಂತದ ವರದಿಯಲ್ಲಿ 20 ಸಲ ತಡವಾಗಿ ಬಂದಿದ್ದಾನೆ ಅಂತ ಇದೆ. ಎಲ್ಲರಿಗೂ ತಲೆನೋವು, ಯಾವುದಕ್ಕೂ ನಂಬೋ ಹಾಗಿಲ್ಲ ಅಂತ ಹೆಡ್‌ಮಾಸ್ಟರ್ ಬರೆದಿದ್ದಾನೆ. ಚರಿತ್ರೆಯಲ್ಲಿ ಮಾತ್ರ ತುಂಬ ಚೆನ್ನಾಗಿದ್ದಾನೆ ಅಂತಲೂ ಇದೆ. ಅದನ್ನು ಹಿಡಿದು ಹುಡುಗನನ್ನು ಎತ್ತಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಇನ್ನು ಸಕ್ಕರೆ. ಬೇರಿಂಗ್ ಆ ಶಾಲೆಗೆ ಸೇರಿದಾಗ ಚರ್ಚಿಲ್ ಬಿಟ್ಟುಹೋಗಿದ್ದ. ಆದರೆ ಹುಡುಗರ ಬಾಯಲ್ಲಿ ಅವನ ಕಥೆ ಓಡಾಡುತ್ತಿತ್ತಂತೆ. ಉಗ್ರಾಣದಿಂದ ಸಕ್ಕರೆ ಕದ್ದ, ಅದಕ್ಕೆ ಹೊಡೆಸಿಕೊಂಡ. ಹೊಡೆಸಿಕೊಂಡವನು ಸುಮ್ನೆ ಇರಲಿಲ್ಲ, ಬಾಗಿಲ ಮೇಲೆ ನೇತುಹಾಕಿದ್ದ ಹೆಡ್‌ಮಾಸ್ಟರ್‌ನ ಹುಲ್ಲಿನ ಟೋಪಿ ತೆಗೆದು ಒದ್ದು ಒದ್ದು ಚೂರು ಮಾಡಿದ. ಮಕ್ಕಳ ಬಾಯಿಂದ ಬಾಯಿಗೆ ಬಂದ ಕಥೆ, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಆದರೆ ತಿಂಡಿ ಬುಟ್ಟಿ ತರಬಾರದು ಅಂತ ನಿಯಮ ಇರೋ ಶಾಲೆಯಲ್ಲಿ ಒಂಬತ್ತು ವರ್ಷದ ಹುಡುಗ ಸಕ್ಕರೆ ಕದಿಯೋದು ನನಗೇನೂ ಕಳ್ಳತನದ ಹಾಗೆ ಕಾಣಲ್ಲ.

ಮನೆಗೆ ಯಾಕೆ ಗೊತ್ತಾಗಲಿಲ್ಲ

ಪ್ರಕರಣದ ತಿರುಳು ಇಲ್ಲಿದೆ. ಇದೇನೂ ಬಡವರ ಮಕ್ಕಳ ಶಾಲೆ ಅಲ್ಲ. ಚರ್ಚಿಲ್ ತಂದೆ ಲಾರ್ಡ್ ರ‍್ಯಾಂಡಾಲ್ಫ್ ಪಾರ್ಲಿಮೆಂಟ್ ಸದಸ್ಯ, 1885ರಲ್ಲಿ ಭಾರತ ಖಾತೆಯ ಮಂತ್ರಿಯೂ ಆದವರು. ಫ್ರೈನ ತಂದೆ ನ್ಯಾಯಾಧೀಶರು. ಒಂದು ಮಾತು ಕೇಳಿದ್ದರೆ ಶಾಲೆ ನಡುಗುತ್ತಿತ್ತು. ಯಾಕೆ ಕೇಳಲಿಲ್ಲ?

ಒಂದು, ಪತ್ರಗಳು. ಹುಡುಗ ಚರ್ಚಿಲ್ ಆ ಶಾಲೆಯಿಂದ ಅಮ್ಮನಿಗೆ ಬರೆದ ಮೊದಮೊದಲ ಪತ್ರದಲ್ಲಿ ತಾನು ಶಾಲೆಯಲ್ಲಿ ತುಂಬಾ ಖುಷಿಯಾಗಿದ್ದೇನೆ ಅಂತಲೇ ಇದೆ. ನಮ್ಮಲ್ಲೂ ಅಷ್ಟೇ, ಹಾಸ್ಟೆಲ್‌ನಿಂದ ಬರೆದ ಇನ್‌ಲ್ಯಾಂಡ್ ಪತ್ರ ಯಾವುದನ್ನಾದರೂ ತೆಗೆದು ನೋಡಿ, 'ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ' ಅಂತಲೇ ಶುರು. ಒಳಗಡೆ ಮಗು ಹೇಗಿದೆ ಅನ್ನೋದು ಆ ಸಾಲಿನಲ್ಲಿ ಇರಲ್ಲ. ಬಂದು ನೋಡಿ, ಬೇಗ ಬನ್ನಿ ಅನ್ನೋ ಸಾಲಿನಲ್ಲಿ ಇರುತ್ತೆ. ಈ ಹುಡುಗನ ಪತ್ರಗಳಲ್ಲಿ ಅಂಥ ಸಾಲು ಬೇಕಾದಷ್ಟಿವೆ. ಅಪ್ಪ ಅಮ್ಮ ಬಂದದ್ದು ಕಡಿಮೆ.

ಎರಡು, ನಾಚಿಕೆ. ಫ್ರೈ ತಾನು ಮಾಡಬೇಕಾಗಿ ಬಂದದ್ದನ್ನು ಬರೆದದ್ದು ಎಷ್ಟೋ ವರ್ಷ ಆದಮೇಲೆ. ಅದು ಅಚ್ಚಾದದ್ದು 1940ರಲ್ಲಿ, ಅವನು ಸತ್ತು ಆರು ವರ್ಷ ಕಳೆದಿತ್ತು. ಹೊಡೆಸಿಕೊಂಡವನಿಗಿಂತ ಹಿಡಿದುಕೊಂಡವನಿಗೆ ಬಾಯಿ ಬಿಡೋದು ಇನ್ನೂ ಕಷ್ಟ ಆಗಿರಬೇಕು ಅಂತ ನನಗೆ ಅನ್ನಿಸುತ್ತೆ. ಹುಡುಗರ ಕೈಯಿಂದಲೇ ಈ ಕೆಲಸ ಮಾಡಿಸಿದ್ದು ಅದಕ್ಕೇ ಇರಬಹುದು. ಪಾಲು ಕೊಟ್ಟ ಮೇಲೆ ಯಾರೂ ಹೇಳಲ್ಲ.

ಮೂರು, ಆ ಕಟ್ಟಡದೊಳಗೆ ಆ ಒಬ್ಬ ಮನುಷ್ಯನೇ ಎಲ್ಲ. ಮಾಲೀಕ ಅವನೇ, ಹೆಡ್‌ಮಾಸ್ಟರ್ ಅವನೇ, ಪಾದ್ರಿಯೂ ಅವನೇ, ತೀರ್ಪು ಕೊಡುವವನೂ ಹೊಡೆಯುವವನೂ ಅವನೇ, ಕೊನೆಗೆ ಮನೆಗೆ ವರದಿ ಬರೆಯುವವನೂ ಅವನೇ. ದೂರು ಕೊಡೋದು ಯಾರಿಗೆ? ಈಟನ್, ಹ್ಯಾರೋ ಸೇರಿ ಒಂಬತ್ತು ದೊಡ್ಡ ಶಾಲೆಗಳನ್ನು ಸರ್ಕಾರ 1861ರಲ್ಲಿ ಆಯೋಗ ಹಾಕಿ ವಿಚಾರಿಸಿತ್ತು. ಇಂಥ ಸಣ್ಣ ಖಾಸಗಿ ಶಾಲೆಗಳ ಒಳಗೆ ಇಣುಕಿ ನೋಡುವ ಅಧಿಕಾರಿಯೇ ಇರಲಿಲ್ಲ. ಖಾಸಗಿ ಶಾಲೆ ನೋಂದಣಿ ಆಗಲೇಬೇಕು ಅನ್ನೋ ಮಾತು ಇಂಗ್ಲೆಂಡಿನ ಕಾನೂನಿಗೆ ಬಂದದ್ದು 1944ರಲ್ಲಿ. ಅದು ಜಾರಿಯಾಗೋ ಹೊತ್ತಿಗೆ 1957 ಬಂತು.

ಹೊಡೆತದ ಬಗ್ಗೆ ಕಾನೂನೇ ಇರಲಿಲ್ಲ ಅಂತಲ್ಲ. 1860ರಲ್ಲಿ ಈಸ್ಟ್‌ಬೋರ್ನ್ ಊರಿನಲ್ಲಿ ಥಾಮಸ್ ಹಾಪ್ಲಿ ಅನ್ನೋ ಮೇಷ್ಟರು ಹದಿನೈದು ವರ್ಷದ ಹುಡುಗನೊಬ್ಬನನ್ನು ಹೊಡೆದು ಸಾಯಿಸಿದ್ದ. ಹೊಡೆಯೋಕೆ ಹುಡುಗನ ತಂದೆಯೇ ಪತ್ರ ಬರೆದು ಒಪ್ಪಿಗೆ ಕೊಟ್ಟಿದ್ದರು. ಕೋರ್ಟು ಮೇಷ್ಟರಿಗೆ ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು, ಆದರೆ ಮಿತಿ ಮೀರದ ಹೊಡೆತಕ್ಕೆ ಮೇಷ್ಟರಿಗೆ ಹಕ್ಕಿದೆ ಅಂತ ಅದೇ ತೀರ್ಪಿನಲ್ಲಿ ಹೇಳಿತು. ಮಿತಿ ಎಷ್ಟು ಅಂತ ಅಳೆಯೋದು ಮಗು ಸತ್ತ ಮೇಲೆ ಮಾತ್ರ ಅಂತಾಯಿತು. ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಹೊಡೆತ ಪೂರ್ತಿ ನಿಂತದ್ದು 1999ರಲ್ಲಿ.

ಬೆನ್ನು ನೋಡಿದವಳು

ಹೀಗೆ ಕಟ್ಟಡ, ವರದಿ, ಪತ್ರ ಮೂರನ್ನೂ ಅಪ್ಪ ಅಮ್ಮ ನೋಡಿದ್ದರು. ಮೂರರಲ್ಲೂ ನಿಜ ಇರಲಿಲ್ಲ. ನಿಜ ಇದ್ದದ್ದು ಹುಡುಗನ ಮೈಮೇಲೆ, ಅದನ್ನು ನೋಡುವ ಕೆಲಸ ಮನೆಯಲ್ಲಿ ಒಬ್ಬರದ್ದೇ. ಎಲಿಜಬೆತ್ ಎವರೆಸ್ಟ್, ಅವನನ್ನು ಹಸುಗೂಸಿನಿಂದ ಸಾಕಿದ ದಾದಿ. ರಜೆಗೆ ಬಂದಾಗ ಬಟ್ಟೆ ಬಿಚ್ಚಿಸಿ ಸ್ನಾನ ಮಾಡಿಸುವವರು ಅವರೇ ತಾನೇ. ಗಾಯ ನೋಡಿ ಅಮ್ಮನಿಗೆ ಹೇಳಿದ್ದು ಅವರೇ ಅಂತ ಹೇಳಿಕೊಂಡು ಬಂದಿದ್ದಾರೆ. ಹುಡುಗನ ಆರೋಗ್ಯವೂ ಕುಸಿದಿತ್ತು. 1884ರ ಬೇಸಿಗೆಯ ಟರ್ಮ್ ಮುಗಿದಮೇಲೆ ಅವನನ್ನು ಆಸ್ಕಾಟ್‌ಗೆ ವಾಪಸ್ ಕಳಿಸಲಿಲ್ಲ.

ಮುಂದಿನ ಶಾಲೆ ಬ್ರೈಟನ್ ಪಕ್ಕದ ಹೋವ್‌ನಲ್ಲಿ. ಬ್ರನ್ಸ್‌ವಿಕ್ ರಸ್ತೆಯ 29 ಮತ್ತು 30ನೇ ನಂಬರಿನ ಎರಡು ಮನೆಗಳು, ಸಾಲುಮನೆಗಳ ನಡುವೆ ಇದ್ದಂಥವು. ನಡೆಸುತ್ತಿದ್ದವರು ಥಾಮ್ಸನ್ ಅಂತ ಇಬ್ಬರು ಅಕ್ಕತಂಗಿಯರು. ಮೊದಲಿನದಕ್ಕಿಂತ ಸಣ್ಣದು, ಫೀಸೂ ಕಡಿಮೆ, ಆಡಂಬರವೂ ಕಡಿಮೆ. ಹುಡುಗನೇನೂ ಬದಲಾಗಲಿಲ್ಲ, ನಡತೆಯಲ್ಲಿ ಇಲ್ಲೂ ಕೊನೆಯ ಸ್ಥಾನವೇ. ಶಾಲೆಯೂ ಸ್ವರ್ಗ ಅಲ್ಲ. ಸೇರಿದ ವರ್ಷವೇ ಇನ್ನೊಬ್ಬ ಹುಡುಗ ಜಗಳದಲ್ಲಿ ಸಣ್ಣ ಚಾಕುವಿನಿಂದ ಅವನ ಎದೆಗೆ ಚುಚ್ಚಿದ. 1886ರಲ್ಲಿ ನ್ಯುಮೋನಿಯಾ ಆಗಿ ಜೀವಕ್ಕೇ ಬಂದಿತ್ತು. ಆದರೂ ಇಲ್ಲಿ ಅವನು ಫ್ರೆಂಚ್ ಕಲಿತ, ಚರಿತ್ರೆ ಓದಿದ, ರಾಶಿ ರಾಶಿ ಪದ್ಯ ಬಾಯಿಪಾಠ ಮಾಡಿದ, ಕುದುರೆ ಸವಾರಿ, ಈಜು ಹಚ್ಚಿಕೊಂಡ. ತನಗೆ ಇಷ್ಟವಾದದ್ದನ್ನು ಕಲಿಯೋಕೆ ಬಿಟ್ಟರು ಅಂತ ಮುಂದೆ ನೆನೆಸಿಕೊಂಡ. 1888ರ ಏಪ್ರಿಲ್‌ನಲ್ಲಿ ಹ್ಯಾರೋಗೆ ಹೋಗುವ ತನಕ ಅಲ್ಲೇ ಇದ್ದ.

ಅದೇ ತುಂಟ, ಅದೇ ತಡವಾಗಿ ಬರೋ ಹುಡುಗ. ಒಂದು ಕಡೆ ಮೈದಾನ, ಕೊಳ, ಕರೆಂಟ್ ದೀಪ. ಇನ್ನೊಂದು ಕಡೆ ಬೀದಿಬದಿಯ ಎರಡು ಮನೆ. ಅಕ್ಕತಂಗಿಯರು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ, ಹುಡುಗನ ಕಡೆ ನೋಡಿದರು.

ಅವನ ನಿಜವಾದ ಓದು ಶುರುವಾದದ್ದು ಮಾತ್ರ ನಮ್ಮೂರಲ್ಲಿ. 1896ರಲ್ಲಿ ಸೈನ್ಯದ ಜೊತೆ ಬೆಂಗಳೂರು ದಂಡಿಗೆ ಬಂದಾಗ ವಯಸ್ಸು ಇಪ್ಪತ್ತೊಂದು. ಮಧ್ಯಾಹ್ನದ ಬಿಸಿಲಲ್ಲಿ ಬಂಗಲೆಯೊಳಗೆ ದಿನಕ್ಕೆ ನಾಲ್ಕೈದು ಗಂಟೆ ಕೂತು, ಅಮ್ಮನಿಂದ ತರಿಸಿಕೊಂಡ ಚರಿತ್ರೆಯ ದಪ್ಪ ದಪ್ಪ ಪುಸ್ತಕಗಳನ್ನು ಓದಿದ. ಬೆಂಗಳೂರು ಕ್ಲಬ್ಬಿನ ಲೆಕ್ಕದಲ್ಲಿ ವಸೂಲಾಗದ 13 ರೂಪಾಯಿ ಬಾಕಿಯ ಕಥೆ ನಮಗೆಲ್ಲ ಗೊತ್ತು, ಈ ಓದಿನ ವಿಷಯ ಯಾರೂ ಅಷ್ಟಾಗಿ ಹೇಳಲ್ಲ. ಚರಿತ್ರೆಯಲ್ಲಿ ಹುಡುಗ ಚೆನ್ನಾಗಿದ್ದಾನೆ ಅಂತ ಆಸ್ಕಾಟ್‌ನ ವರದಿಯಲ್ಲಿ ಹನ್ನೆರಡು ವರ್ಷದ ಹಿಂದೆಯೇ ಇತ್ತಲ್ಲ, ಅದೇ ಎಳೆ ಇದು.

ಸ್ನೀಡ್-ಕಿನ್ನರ್‌ಸ್ಲಿ 1886ರಲ್ಲಿ, 38ನೇ ವಯಸ್ಸಿಗೆ ಹೃದಯಾಘಾತವಾಗಿ ತೀರಿಹೋದ. ಯಾರೂ ಅವನನ್ನು ಪ್ರಶ್ನೆ ಮಾಡಲಿಲ್ಲ. 1930ರಲ್ಲಿ ಬಾಲ್ಯದ ನೆನಪು ಅಚ್ಚು ಮಾಡಿಸಿದಾಗಲೂ ಚರ್ಚಿಲ್ ಶಾಲೆಯ ಹೆಸರನ್ನು ಬದಲಿಸಿಯೇ ಬರೆದ. ಐವತ್ತು ದಾಟಿದ್ದ, ದೇಶದ ಹಣಕಾಸು ಮಂತ್ರಿಯಾಗಿ ಇಳಿದಿದ್ದ, ಆದರೂ.

ಎವರೆಸ್ಟ್ ಅವರನ್ನು 1893ರಲ್ಲಿ ಮನೆಯವರು ಖರ್ಚು ಉಳಿಸೋಕೆ ಅಂತ ಕೆಲಸದಿಂದ ಬಿಡಿಸಿದರು. ಹುಡುಗ ಅಮ್ಮನಿಗೆ ಪತ್ರ ಬರೆದು ಜಗಳ ಮಾಡಿದ, ನಡೆಯಲಿಲ್ಲ. 1895ರ ಜುಲೈ 3ರಂದು ಅವರು ತೀರಿಕೊಂಡಾಗ ಅವನು ಹಾಸಿಗೆ ಪಕ್ಕದಲ್ಲೇ ಇದ್ದ. ಲಂಡನ್ನಿನ ಸ್ಮಶಾನದಲ್ಲಿ ಅವರ ಸಮಾಧಿಗೆ ಒಂದು ಕಲ್ಲು ಹಾಕಿಸಿದ್ದಾರೆ. ಅದರ ಮೇಲೆ ಅವರ ಹೆಸರು, ತೀರಿಕೊಂಡ ದಿನ, ವಯಸ್ಸು 62. ಅದರ ಕೆಳಗೆ ಕಲ್ಲು ಹಾಕಿಸಿದ ಇಬ್ಬರ ಹೆಸರು: ವಿನ್‌ಸ್ಟನ್, ಜ್ಯಾಕ್. ಅವರು ಸಾಕಿದ ಅಣ್ಣತಮ್ಮಂದಿರು.